ಒಣಗುವ ಎಣ್ಣೆ

ಮೀನೆಣ್ಣೆ ಒಣಗುತ್ತದೆ. ತೆಂಗಿನೆಣ್ಣೆ ಒಣಗುವುದಿಲ್ಲ. ಹೊಂಗೆ ಎಣ್ಣೆಯೂ ಒಣಗುವುದಿಲ್ಲ. ಮೀನೆಣ್ಣೆಯನ್ನು ಹಲಗೆಗೆ ಬಳಿದು ಬಿಸಿಲಿಗೆ ಬಿಟ್ಟರೆ ಗಾಳಿ ಕುಡಿದು ಮೊದಲು ಅಂಟಾಗುತ್ತದೆ, ಆಮೇಲೆ ಚರ್ಮವಾಗುತ್ತದೆ. ಅದಕ್ಕೇ ನಾವು ಅದನ್ನು ಮರದ ಬೋಟಿಗೆ ಬಳಿಯುವುದು. ಆ ಚರ್ಮ ಕೂತ ಹಲಗೆಯೊಳಗೆ ಸಮುದ್ರದ ನೀರು ಇಳಿಯುವುದಿಲ್ಲ. ಇದು ನಮ್ಮ ದಂಡೆಯ ನಾಯಿಗೂ ಗೊತ್ತು. ಗೊತ್ತಿದ್ದೂ ಅದನ್ನು ಎಂಜಿನ್ನಿಗೆ ಕುಡಿಸಿದೆವು. ನನ್ನ ಮಗ ಸತ್ತ.

ನಾನು ಹೀರಾ. ದತ್ತಾನ ಹೆಂಡತಿ, ರೋಷನನ ತಾಯಿ. ತಾರ್ಲಿ ಮೀನು ಬೇಯಿಸಿ ಎಣ್ಣೆ ತೆಗೆಯುವುದು ನನ್ನ ಕೆಲಸ. ತಾರ್ಲಿ ರಾಶಿ ಬಿದ್ದು, ಕೊಳ್ಳುವವರಿಲ್ಲದೆ ಕೊಳೆಯತೊಡಗಿದಾಗ ಹಂಡೆಗೆ ಸುರಿದು ಕುದಿಸುತ್ತೇನೆ. ಹೊಗೆ ಕಣ್ಣು ತಿನ್ನುತ್ತದೆ. ಮೇಲೆ ತೇಲಿದ ಎಣ್ಣೆಯನ್ನು ಚಿಪ್ಪಿನಲ್ಲಿ ತೆಗೆದು ಡಬ್ಬಿಗೆ ತುಂಬುತ್ತೇನೆ. ನನ್ನ ಅಂಗೈ ಕಪ್ಪು. ಬೆರಳ ಸಂದಿಯಲ್ಲೆಲ್ಲ ಕಂದು ಪೊರೆ. ಸೋಪಿಗೆ ಅದು ಜಗ್ಗುವುದಿಲ್ಲ. ಬೆಚ್ಚಗಿನ ತೆಂಗಿನೆಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಒಲೆಯ ಬೂದಿಯಲ್ಲಿ ತಿಕ್ಕಬೇಕು. ಅದನ್ನು ಹೇಳಿಕೊಟ್ಟವಳು ನನ್ನ ಆಯಿ. ಮದುವೆಯ ಹಿಂದಿನ ದಿನ ಅವಳೇ ಕೂತು ನನ್ನ ಒಂದೊಂದು ಬೆರಳನ್ನೂ ತಿಕ್ಕಿದ್ದಳು.

ವಾಸನೆ ಮಾತ್ರ ಯಾವುದಕ್ಕೂ ಹೋಗುವುದಿಲ್ಲ. ಒಮ್ಮೆ ಹಬ್ಬುವಾಡದಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ. ಕೈಯಲ್ಲಿ ಬುಟ್ಟಿ ಇರಲಿಲ್ಲ. ಮಿಂದು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು, ಅಬ್ಬಲಿಗೆ ಮುಡಿದಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನವಳು ಮೂಗಿಗೆ ಸೆರಗು ಹಿಡಿದಳು. ಕಂಡಕ್ಟರ್ ಸೀಟಿ ಊದಿದ.

"ಏ ಬಾಯಿ, ಇಳಿ ಇಳಿ. ಜನ ವಾಂತಿ ಮಾಡ್ತಾರೆ."

"ಟಿಕೆಟ್ ತೆಗ್ದಿದ್ದೆ ನಾನು."

"ಮೀನಿಗೆ ಟಿಕೆಟ್ ಇಲ್ಲ. ಇಳಿ."

ಇಡೀ ಬಸ್ಸು ನಕ್ಕಿತು. ಹೆದ್ದಾರಿಯ ನಡುವೆ, ಗುಡ್ಡದ ತಿರುವಿನಲ್ಲಿ ಇಳಿಸಿ ಹೋದರು. ಅಬ್ಬಲಿಗೆ ಕಿತ್ತು ರಸ್ತೆಗೆ ಎಸೆದು ಮನೆಗೆ ನಡೆದೆ. ಅಂದು ಯಾರಿಗೂ ಏನೂ ಮಾಡಲಿಲ್ಲ.

ತುಳಸಿದಾಸ ಶೇಟ್ ಹಟ್ಟಿಕೇರಿಯ ಹತ್ತಿರ ಹೆದ್ದಾರಿಗೆ ಮುಖ ಮಾಡಿ ಶೆಡ್ ಹಾಕಿದ್ದು 2006ರಲ್ಲಿ. ಆಗ ಎಲ್ಲ ಕಡೆ ಅದೇ ಮಾತು, ಹೊಂಗೆ ನೆಡಿ, ಡೀಸೆಲ್ ಬೆಳೆಯಿರಿ ಎಂದು. ಬೋರ್ಡಿನ ಮೇಲೆ ಹಸಿರು ಎಲೆಯ ಚಿತ್ರ ಬರೆಸಿದ. ಎಣ್ಣೆಯನ್ನು ಬಿಸಿ ಮಾಡಿ, ಸ್ಪಿರಿಟ್ಟಿನಲ್ಲಿ ಕಲಸಿದ ಕಾಸ್ಟಿಕ್ ಸೋಡಾ ಬಿಟ್ಟು ತಿರುವಿದರೆ ಎಣ್ಣೆ ಒಡೆಯುತ್ತದೆ. ಜಿಡ್ಡು ಕೆಳಗೆ ಕೂರುತ್ತದೆ, ಡೀಸೆಲ್ ಮೇಲೆ ನಿಲ್ಲುತ್ತದೆ. ತಿರುವುವುದು, ತೊಳೆಯುವುದು, ಡ್ರಮ್ಮು ಹೊರುವುದು ಎಲ್ಲ ಹೆಂಗಸರು. ಶೆಡ್ಡಿನ ಹಿಂದೆ ನನಗೂ ಒಂದು ಒಲೆ ಹೂಡಿಕೊಟ್ಟ. ಮುಂದಿನ ಬಾಗಿಲಿನಿಂದ ಬರಬಾರದು, ಆಫೀಸಿನ ಹೂಜಿಯ ನೀರು ಮುಟ್ಟಬಾರದು. ನನಗೆ ಹಿತ್ತಲಿನ ನಲ್ಲಿ.

ಸೋಡಾದ ಕೆಲಸ ಗಂಗೂಳದು. ಅವಳು ಹಟ್ಟಿಕೇರಿಯವಳೇ, ಗದ್ದೆ ಕೆಲಸ ಬಿಟ್ಟು ಬಂದವಳು. ಕೈಗೆ ಗವಸು ಕೇಳಿದ್ದಳು. ಶೇಟ್ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಲು ಹೇಳಿದ. ಒಂದು ದಿನ ಬಕೆಟ್ಟಿನ ಹಿಡಿ ಕಿತ್ತು ಸೋಡಾ ಅವಳ ಬಲಗಾಲಿನ ಮೇಲೆ ಬಿತ್ತು. ಸೋಡಾ ಬೆಂಕಿಯ ಹಾಗೆ ಸುಡುವುದಿಲ್ಲ. ಮೈಯಲ್ಲಿರುವ ಕೊಬ್ಬನ್ನು ಸೋಪು ಮಾಡುತ್ತದೆ. ನೀರು ಹೊಯ್ದು ನಾನು ಪಾದ ಹಿಡಿದರೆ ಚರ್ಮ ನನ್ನ ಕೈಯಲ್ಲಿ ಜಾರಿ ಬಂತು. ಗಂಗೂ ಕೂಗಿದ ಕೂಗಿಗೆ ಹೆದ್ದಾರಿಯ ಲಾರಿ ನಿಂತಿತು. ಶೇಟ್ ಹೊರಗೆ ಬಂದು, "ನೆಲ ತೊಳೀರಿ ಮೊದ್ಲು, ಸಾಯ್ಬರು ಬರ್ತಾರೆ" ಎಂದ.

ಶೆಡ್ ನೋಡಲು ಸರ್ಕಾರದ ಸಾಹೇಬರು ಆಗಾಗ ಬರುತ್ತಿದ್ದರು. ಅವರ ಮುಂದೆ ಶೇಟನದು ಒಂದೇ ಭಾಷಣ. "ಯಾವ ಎಣ್ಣೆ ಬೇಕಾದ್ರೂ ತನ್ನಿ ಸಾರ್. ಸೋಡಾ ಬಿದ್ದ ಮೇಲೆ ಎಲ್ಲಾ ಎಣ್ಣೆ ಒಂದೇ. ಜಾತಿ ಗೀತಿ ಎಂತದೂ ಇಲ್ಲ."

ಸುಳ್ಳು. ಒಂದೊಂದು ಎಣ್ಣೆಗೆ ಒಂದೊಂದು ಹಟ. ಮಳೆಯಲ್ಲಿ ನೆನೆದ ಹೊಂಗೆ ಬೀಜದ ಎಣ್ಣೆ ಹುಳಿಯಾಗಿ, ಸೋಡಾ ಬಿದ್ದೊಡನೆ ಡ್ರಮ್ಮು ತುಂಬ ಸೋಪಾಯಿತು. ಡೀಸೆಲ್ ಬರಲಿಲ್ಲ. ಹೋಟೆಲುಗಳಲ್ಲಿ ಕರಿದು ಬಿಟ್ಟ ಎಣ್ಣೆಗೆ ಕುರಿಯ ಕೊಬ್ಬು ಕೂಡಿಸಿ ಮಾಡಿದ್ದು ಚೆನ್ನಾಗಿಯೇ ಉರಿಯಿತು. ಆದರೆ ಡಿಸೆಂಬರಿನ ಬೆಳಗಿನ ಚಳಿಗೆ ತುಪ್ಪದಂತೆ ಬೆಳ್ಳಗೆ ಹೆಪ್ಪುಗಟ್ಟಿ ಶೇಟನ ಲಾರಿಯೇ ಚಾಲೂ ಆಗಲಿಲ್ಲ. ನನ್ನ ಮೀನೆಣ್ಣೆಯ ಡೀಸೆಲ್ ಒಂದೇ ಆ ಚಳಿಯಲ್ಲೂ ನೀರಿನ ಹಾಗೆ ಹರಿಯಿತು. ಶೇಟ್ ಕುಣಿದಾಡಿದ. ಹೊಂಗೆಗಿಂತ ಅಗ್ಗ, ದಂಡೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಹೊಂಗೆಯ ಬೋರ್ಡು ಹಾಗೇ ಉಳಿಯಿತು, ಡ್ರಮ್ಮಿನೊಳಗೆ ತಾರ್ಲಿ ಎಣ್ಣೆ ತುಂಬಿತು.

ಅಲ್ಲಿ ಸಂಕೇತ ಎಂಬ ಹುಡುಗನಿದ್ದ. ಬಿಎಸ್ಸಿ ಓದಿದವನು. ಅಪ್ಪ ದಿನಾ ಕೈಗಾ ಅಣುಸ್ಥಾವರದ ಬಸ್ಸು ಹತ್ತುವ ನೌಕರ, ಮಗನಿಗೂ ಅಲ್ಲಿ ಕೆಲಸ ಸಿಗುವ ತನಕ ಇಲ್ಲಿರಲಿ ಎಂದು ಬಿಟ್ಟಿದ್ದ. ಒಳ್ಳೆಯ ಹುಡುಗ, ಬೆನ್ನೆಲುಬು ಮಾತ್ರ ಇರಲಿಲ್ಲ. ಎಲ್ಲ ಡೀಸೆಲ್ಲನ್ನೂ ಒಂದೊಂದು ಬಾಟಲಿಯಲ್ಲಿ ಕಿಟಕಿಯ ಮೇಲೆ ಇಟ್ಟಿದ್ದ. ಕೆಲವು ವಾರ ಕಳೆದ ಮೇಲೆ ಮೀನಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಮೇಲೆ ಪೊರೆ ಕಟ್ಟಿತ್ತು. ಬುಡದಲ್ಲಿ ಕಂದು ಅಂಟು.

"ಹೀರಾಬಾಯಿ, ಇದು ಗಾಳಿ ಹಿಡೀತದೆ. ಸೋಡಾ ಹಾಕಿದ್ರೂ ಮೀನಿನ ಗುಣ ಬಿಡೂದಿಲ್ಲ" ಎಂದ. "ಮಾಡಿದ್ದನ್ನ ಬೇಗ ಉರ್ಸಬೇಕು. ಇಡೂಕಾಗೂದಿಲ್ಲ."

"ಶೇಟ್ರಿಗೆ ಹೇಳು ಮತ್ತೆ."

ಹೇಳಿದ. ಒಳಗಿನಿಂದ ಶೇಟನ ದನಿ ಕೇಳಿಸಿತು. "ಬೋಟಿನವರ ಕಿವಿಗೆ ಈ ಮಾತು ಬಿತ್ತೋ, ನಿನ್ನ ಸರ್ಟಿಫಿಕೇಟು ಸಮೇತ ಹೊಳೆಗೆ ಹಾಕ್ತೆ. ಅವ್ರು ದಿನಾ ತುಂಬ್ಸಿ ದಿನಾ ಉರ್ಸೂ ಜನ. ಅವ್ರಿಗೆ ಎಂತಕೆ ಈ ಉಸಾಬರಿ?" ಸಂಕೇತ ಹೊರಗೆ ಬಂದು ಬಾಟಲಿ ತೊಳೆದಿಟ್ಟ.

ದಿನಾ ತುಂಬಿಸಿ ದಿನಾ ಉರಿಸುವ ಜನವೇ ನಾವು, ಮಳೆಗಾಲ ಒಂದನ್ನು ಬಿಟ್ಟು. ಜೂನಿನಲ್ಲಿ ಸಮುದ್ರ ಬಂದ್. ಬೋಟನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸುತ್ತೇವೆ. ಎಳೆಯುವ ಮೊದಲು ಟ್ಯಾಂಕನ್ನು ಬಾಯಿ ತನಕ ತುಂಬಿಸುವುದು ನಮ್ಮ ಪದ್ಧತಿ. ಖಾಲಿ ಬಿಟ್ಟರೆ ಮಳೆಗಾಲದ ತೇವಕ್ಕೆ ಒಳಗೆ ಬೆವರು ಕೂತು ತುಕ್ಕು ಹಿಡಿಯುತ್ತದೆ. ಅಜ್ಜಂದಿರು ಎಂಜಿನ್ ಕಂಡ ದಿನದಿಂದ ಹಾಗೇ ಮಾಡುತ್ತ ಬಂದಿದ್ದಾರೆ. ಆ ವರ್ಷ ಶೇಟನ ಡೀಸೆಲ್ ಬಂಕಿನದಕ್ಕಿಂತ ಅಗ್ಗ. ರೋಷನ ಓಡಿಸುವ ಬೋಟಿಗೆ ಅದನ್ನೇ ತುಂಬಿಸಿದರು. ಟ್ಯಾಂಕು ತುಂಬಿ ಬೋಟು ದಡದಲ್ಲಿ ಮಲಗಿತು. ಹೊರಗಿನ ಹಲಗೆಗೆ ನಾವು ಮೀನೆಣ್ಣೆ ಬಳಿದೆವು. ಒಳಗೂ ಅದೇ ಇತ್ತು. ಎರಡೂ ಒಟ್ಟಿಗೆ ಒಣಗಿದವು.

ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬೋಟು ಇಳಿಸಿದರು. ರೋಷನ ಹರಿಶ್ಚಂದ್ರ ತಾಂಡೇಲನ ಬೋಟಿನ ಡ್ರೈವರ್. ತಾಂಡೇಲ ಎಂದರೆ ಬೋಟಿನ ಯಜಮಾನ, ನಮ್ಮ ದಂಡೆಯಲ್ಲಿ ಅವನ ಮಾತೇ ಕಡೆಯದು. ರೋಷನನಿಗೆ ಆಗ ಮೀಸೆ ಸರಿಯಾಗಿ ದಪ್ಪವಾಗಿತ್ತು, ಅದನ್ನು ಕನ್ನಡಿಯಲ್ಲಿ ಎಷ್ಟು ಸಲ ನೋಡಿಕೊಳ್ಳುತ್ತಿದ್ದನೋ. ಹೊರಡುವಾಗ, "ಆಯಿ, ಬಂಗಡೆ ತರ್ತೆ, ತಾರ್ಲಿ ಸಾಕಾಯ್ತು" ಎಂದ.

ದಂಡೆಯಿಂದಲೇ ನೋಡಿದೆ. ಅಳಿವೆ ದಾಟುವಾಗ ಎಂಜಿನ್ ಕೆಮ್ಮಿತು. ಒಮ್ಮೆ ಹೊಗೆ ಉಗುಳಿ ನಿಂತಿತು. ತೆರೆ ಬೋಟನ್ನು ಅಡ್ಡ ತಿರುಗಿಸಿತು. ಎರಡನೆಯ ತೆರೆ ಎತ್ತಿ ಬಂಡೆಗೆ ಹೊಡೆಯಿತು. ಹಲಗೆ ಮುರಿದ ಸದ್ದು ದಂಡೆಗೂ ಕೇಳಿಸಿತು. ಹರಿಶ್ಚಂದ್ರ ಹಾರಿದ, ಉಳಿದವರು ಹಾರಿದರು, ಈಜಿ ಬಂದರು. ರೋಷನ ಕೆಳಗೆ ಎಂಜಿನ್ ಕೋಣೆಯಲ್ಲಿದ್ದ. ಎಂಜಿನ್ ನಿಂತರೆ ಡ್ರೈವರ್ ಮೇಲೆ ಬರುವುದಿಲ್ಲ, ಕೆಳಗೆ ಇಳಿಯುತ್ತಾನೆ.

ನೀರು ಇಳಿದ ಮೇಲೆ ಕೊಡಲಿಯಲ್ಲಿ ಹಲಗೆ ಕಡಿದು ತೆಗೆದರು. ಎದೆ ಎಂಜಿನ್ನಿಗೂ ಮರಕ್ಕೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಮುಖದ ಅರ್ಧ ಇರಲಿಲ್ಲ. ಬಲಗೈ ಮುಷ್ಟಿ ಕಟ್ಟಿತ್ತು. ಬೆರಳು ಬಿಡಿಸಿದರೆ ಒಳಗೆ ಡೀಸೆಲ್ ಫಿಲ್ಟರಿನ ಬಟ್ಟಲು. ಅದರ ತುಂಬ ಕಂದು ಅಂಟು. ಅವನ ಬೆರಳಿಗೂ ಅದೇ ಅಂಟು ಹತ್ತಿ ಕೂತಿತ್ತು. ನನ್ನ ಕೈ ಅದನ್ನು ಗುರುತು ಹಿಡಿಯಿತು.

ಬಟ್ಟಲನ್ನು ಸೆರಗಿಗೆ ಕಟ್ಟಿಕೊಂಡೆ. ತೆಂಗಿನೆಣ್ಣೆ ಬೆಚ್ಚಗೆ ಮಾಡಿ, ಬೂದಿ ತಂದು, ಹೆಣದ ಪಕ್ಕ ಕೂತು ಮಗನ ಬೆರಳು ತಿಕ್ಕಿದೆ. ಒಂದೊಂದನ್ನೂ ತಿಕ್ಕಿದೆ. ಹೊತ್ತಾಯಿತು ಎಂದು ಗಂಡಸರು ಬೈದರು. ಆ ಅಂಟಿನೊಂದಿಗೆ ಅವನನ್ನು ಬೆಂಕಿಗೆ ಕೊಡಲು ನನಗೆ ಆಗಲಿಲ್ಲ. ಉಗುರಿನ ಸಂದಿ ಬೆಳ್ಳಗಾದ ಮೇಲೆ, ಎತ್ತಿ ಎಂದೆ.

ಚಿತೆಯ ಬೂದಿ ಆರುವ ಮೊದಲೇ ಹರಿಶ್ಚಂದ್ರ ಬಂದ. ಹಿಂದೆ ನಮ್ಮವರೇ, ನಮ್ಮ ಮನೆಯಲ್ಲಿ ಊಟ ಮಾಡಿದವರೇ. ಕೈಯಲ್ಲಿ ಹುಟ್ಟುಗಳು.

"ನಿನ್ನ ಎಣ್ಣೆಯಲ್ಲಿ ಉಪ್ಪು ನೀರು ಇತ್ತು ಹೇಳಿ ಶೇಟ್ರೇ ಹೇಳಿದ್ರು. ನನ್ನ ಬೋಟು ತಿಂದೆ. ನಿನ್ನ ಮಗನ್ನೂ ತಿಂದೆ, ರಂಡೆ."

"ಉಪ್ಪು ನೀರಲ್ಲ ತಾಂಡೇಲ. ಅದು ಒಣಗಿದ್ದು. ಬಟ್ಟಲು ನೋಡು..."

ಸೆರಗಿನ ಗಂಟು ಬಿಚ್ಚಲು ಬಿಡಲಿಲ್ಲ. ದತ್ತಾ ನಡುವೆ ಬಂದ. ಹುಟ್ಟಿನಿಂದ ಅವನ ತೋಳಿಗೆ ಹೊಡೆದರು. ಎಲುಬು ಮುರಿದು ಕೈ ಹಿಂದಕ್ಕೆ ಬಾಗಿತು. ಬಿದ್ದವನ ಪಕ್ಕೆಗೆ ಒದ್ದರು. ನನ್ನ ಜಡೆ ಹಿಡಿದು ಅಂಗಳದ ತನಕ ಎಳೆದರು, ಮುಖವನ್ನು ಎಣ್ಣೆ ತೆಗೆದು ಉಳಿದ ಮೀನಿನ ಗಷ್ಟಿಗೆ ಒತ್ತಿದರು. ಉಸಿರಿಗೆ ಬಾಯಿ ತೆರೆದರೆ ಗಷ್ಟು ಒಳಗೆ ಹೋಯಿತು. ಹಂಡೆ ಉರುಳಿಸಿ, ನಾನು ಮೀನು ಬೇಯಿಸುವ ಕೊಟ್ಟಿಗೆಗೆ ಬೆಂಕಿ ಇಟ್ಟರು. ಎಣ್ಣೆ ಕುಡಿದ ಮರ, ಧಗ್ ಎಂದು ಉರಿಯಿತು. ದಂಡೆಯ ಮರಳು ಮೆಟ್ಟಿದರೆ ಕಾಲು ಮುರಿಯುತ್ತೇವೆ ಎಂದು ಹೇಳಿ ಹೋದರು. ಮಗ ಸತ್ತಾಗ ಬಂದ ಅಳುವಿಗಿಂತ ದೊಡ್ಡದು ಅಂದು ಬಂತು. ಅದು ಅಳುವಲ್ಲ, ಸಿಟ್ಟು.

ಚೌತಿ ಕಳೆದ ಮೇಲೆ ಶೇಟನ ಬಿಳಿ ಕಾರು ನಮ್ಮ ಓಣಿಗೆ ಬಂತು. ಅವನು ಇಳಿಯಲಿಲ್ಲ. ಗಾಜು ನಾಲ್ಕು ಬೆರಳು ಇಳಿಸಿ, ಮೂಗಿಗೆ ಕರವಸ್ತ್ರ ಹಿಡಿದು ಮಾತಾಡಿದ.

"ಆಗಿದ್ದು ಆಗೋಯ್ತು. ನಾಳೆ ದಂಡೆ ಮೇಲೆ ಎಲ್ರೂ ಸೇರ್ತಾರೆ. ನೀರು ಬಿದ್ದಿತ್ತು, ಗೊತ್ತಾಗ್ಲಿಲ್ಲ, ತಪ್ಪಾಯ್ತು ಹೇಳು. ಒಂದು ಮಾತು. ಮತ್ತೆ ದಂಡೆಗೆ ಸೇರಿಸ್ಕೊಳ್ತಾರೆ. ದತ್ತಾನಿಗೆ ನಮ್ಮಲ್ಲಿ ವಾಚ್‌ಮನ್ ಕೆಲ್ಸ ಕೊಡ್ತೆ."

"ನನ್ನ ಮಗನ್ನ ನಾನೇ ಕೊಂದೆ ಹೇಳಿ ಹೇಳೂದಾ?"

"ಹಾಗೆ ಎಂತಕೆ ಹೇಳ್ತೆ? ತಪ್ಪಾಯ್ತು ಹೇಳು, ಸಾಕು."

"ಕಾರಿಂದ ಇಳೀರಿ, ಶೇಟ್ರೆ. ನೀರು ಕುಡ್ದು ಹೋಗಿ."

ಗಾಜು ಏರಿತು.

ಮರುದಿನ ಹೋದೆ. ಮುರಿದ ಕೈ ಕೊರಳಿಗೆ ಕಟ್ಟಿಕೊಂಡು ದತ್ತಾ ನನ್ನೊಂದಿಗೆ ಬಂದ. ದಂಡೆಯಲ್ಲಿ ಒಂದು ಹಳೆಯ ಮರದ ಬೋಟು ಮಗ್ಗುಲಾಗಿ ನಿಂತಿತ್ತು. ಹರಿಶ್ಚಂದ್ರನಿಗೆ ಶೇಟ್ ಕೊಡಿಸಿದ ಬೋಟು. ಅರ್ಧ ಹಲಗೆಗೆ ಎಣ್ಣೆ ಬಳಿದಾಗಿತ್ತು. ಬಕೆಟ್ಟು, ನಾರಿನ ಕುಂಚ ಅಲ್ಲೇ ಇದ್ದವು. ಬಕೆಟ್ಟಿನಲ್ಲಿದ್ದದ್ದು ಬಿಸಿಲಲ್ಲಿ ಇಟ್ಟು ದಪ್ಪವಾದ ಎಣ್ಣೆ, ಕಡೆಯ ಕೋಟಿಗೆ ಬಳಿಯುವಂಥದು. ನಾನೇ ಮಾಡಿ ಮಾರಿದ್ದು. ನನ್ನನ್ನು ಹೊಡೆದವರಿಗೂ ನನ್ನ ಎಣ್ಣೆ ಬೇಕು.

ಗಂಡಸರು ಸುತ್ತ ನಿಂತರು. ಶೇಟ್ ಬಿಳಿ ಅಂಗಿಯಲ್ಲಿ, ಅದೇ ಕರವಸ್ತ್ರ ಹಿಡಿದು. ಪಕ್ಕದಲ್ಲಿ ಸಂಕೇತ, ಗಂಗೂ. ಗಂಗೂಳ ಕಾಲಿಗೆ ಇನ್ನೂ ಬಟ್ಟೆ ಸುತ್ತಿತ್ತು.

"ಹೇಳೋ" ಎಂದ ಶೇಟ್.

ಸಂಕೇತ ಮರಳು ನೋಡುತ್ತ ಹೇಳಿದ. "ಹೀರಾಬಾಯಿ ಎಣ್ಣೆಯಲ್ಲಿ... ಉಪ್ಪು ನೀರು ಇತ್ತು."

"ಗಂಗೂ, ನೀನೂ ಹೇಳು."

ಗಂಗೂ ಶೇಟನ ಮುಖ ನೋಡಿದಳು. ಆಮೇಲೆ ಜೋರಾಗಿ ಹೇಳಿದಳು. "ನೀರು ಇರ್ಲಿಲ್ಲ. ಎಣ್ಣೆ ಕಾಯ್ಸಿ ನೀರು ಆರ್ಸಿ ಸೋಡಾ ಬಿಡೂದು ನಾನು. ಇಟ್ರೆ ಅಂಟಾಗ್ತದೆ ಹೇಳಿ ಈ ಪೋರನೇ ಹೇಳಿದ್ದ. ಬಾಯಿ ಮುಚ್ಚು ಹೇಳಿದ್ದು ನೀವು."

ಶೇಟ್ ಅವಳ ಕೆನ್ನೆಗೆ ಬಾರಿಸಿದ. ಸರಿಯಾಗಿ ನಿಲ್ಲಲಾಗದ ಕಾಲು, ಕುಸಿದು ಬಿದ್ದಳು.

ನಾನು ಸೆರಗು ಬಿಚ್ಚಿ ಬಟ್ಟಲನ್ನು ಹರಿಶ್ಚಂದ್ರನ ಕೈಗೆ ಕೊಟ್ಟೆ. "ರೋಷನನ ಮುಷ್ಟಿಯಲ್ಲಿ ಇತ್ತು. ಉಗುರು ಹಾಕಿ ನೋಡು."

ಅವನು ಉಗುರು ಹಾಕಿದ. ಅಂಟು ಎಳೆಯಾಗಿ ಬಂತು. ಪಕ್ಕದವನು ಮುಟ್ಟಿ ನೋಡಿದ, ಅವನ ಪಕ್ಕದವನೂ. ಬೋಟಿಗೆ ಎಣ್ಣೆ ಬಳಿಯದ ಕೈ ಅಲ್ಲಿ ಒಂದೂ ಇರಲಿಲ್ಲ. ಎಲ್ಲರಿಗೂ ಅರ್ಥವಾಯಿತು. ನಾನು ಅವರ ಮುಖಗಳನ್ನೇ ನೋಡುತ್ತಿದ್ದೆ. ಈಗ ತಿರುಗುತ್ತಾರೆ, ಈಗ ಅವನ ಕೊರಳಪಟ್ಟಿ ಹಿಡಿಯುತ್ತಾರೆ ಎಂದುಕೊಂಡೆ. ಮಗನನ್ನು ಕಳೆದುಕೊಂಡವಳಿಗೂ ಆಸೆ ಇರುತ್ತದೆ ನೋಡಿ.

ಹರಿಶ್ಚಂದ್ರ ಬಟ್ಟಲನ್ನು ಮರಳಿನ ಮೇಲೆ ಇಟ್ಟ. ಶೇಟ್ ಕೊಡಿಸಿದ ಬೋಟಿನ ಕಡೆ ನೋಡಿದ.

"ಹೀರಾ, ನೀರೋ ಅಂಟೋ, ಹೋದವನು ಹೋದ. ಶೇಟ್ರು ಬೋಟು ಕೊಟ್ಟಾರೆ. ಹತ್ತು ಮನೆ ಉಣ್ಣೂ ಬೋಟು. ತಪ್ಪಾಯ್ತು ಹೇಳಿ ಮುಗ್ಸು."

"ಗೊತ್ತಾದ ಮೇಲೂ?"

"ಗೊತ್ತಾದ ಮೇಲೂ."

"ಹೇಳೂದಿಲ್ಲ."

"ಹೀರಾ..."

"ಹೇಳೂದಿಲ್ಲ. ಕಾಲು ಮುರೀರಿ, ಹೇಳೂದಿಲ್ಲ. ಕೊಂದು ಹಾಕಿ, ಹೇಳೂದಿಲ್ಲ."

ಶೇಟ್ ಕರವಸ್ತ್ರದ ಹಿಂದಿನಿಂದ, "ಈ ನಾತದವ್ರ ಹತ್ರ ಮಾತಾಡೂಕೆ ಬಂದದ್ದೇ ತಪ್ಪು" ಎಂದು ತಿರುಗಿದ.

ಬಕೆಟ್ಟು ನನ್ನ ಕೈಯಲ್ಲಿತ್ತು. ಹಿಂದಿನಿಂದ ಅವನ ತಲೆಗೆ ಬೀಸಿದೆ. ತಗಡಿನ ಅಂಚು ಕಿವಿಗೆ ತಾಗಿ ರಕ್ತ ಹಾರಿತು. ಎಣ್ಣೆ ಅರ್ಧ ಅವನ ಮೇಲೆ ಚೆಲ್ಲಿತು. ಬೋರಲು ಬಿದ್ದವನನ್ನು ಒದ್ದು ಮಗುಚಿದೆ. ಎದೆಯ ಮೇಲೆ ಕೂತೆ. ಕುಂಚ ಅದ್ದಿ ಹಣೆಗೆ ಬಳಿದೆ, ಕೆನ್ನೆಗೆ ಬಳಿದೆ, ಕಣ್ಣಿಗೆ, ಕೂದಲಿಗೆ, ಮೂಗಿನ ಹೊಳ್ಳೆಗೆ ಬಳಿದೆ. ಕಿರುಚಲು ಬಾಯಿ ತೆರೆದ. ಕುಂಚವನ್ನು ಬಾಯಿಗೆ ತುರುಕಿದೆ. ಬೋಟಿಗೆ ಬಳಿಯುವ ಹಾಗೆ, ಸಂದಿ ಬಿಡದೆ, ಒಂದರ ಮೇಲೆ ಒಂದು ಕೋಟು. ಅವನು ಉಗುರಿನಿಂದ ನನ್ನ ಕೊರಳು ಬಗೆದ. ನಾನು ಅವನ ಬೆರಳು ಕಚ್ಚಿದೆ. ಎಲುಬು ಹಲ್ಲಿಗೆ ಸಿಕ್ಕಿತು. ಬಿಡಲಿಲ್ಲ.

ಗಂಡಸರು ಓಡಿ ಬಂದರು. ಗಂಗೂ ಕುಂಟುತ್ತ ಎದ್ದು ಹುಟ್ಟೊಂದನ್ನು ಎತ್ತಿ ಬೀಸಿದಳು. ಮೊದಲು ಬಂದವನ ಮೊಣಕಾಲು ಮುರಿದ ಸದ್ದು ಕೇಳಿತು. ದತ್ತಾ ಒಂದೇ ಕೈಯಲ್ಲಿ ಹರಿಶ್ಚಂದ್ರನ ಕತ್ತು ಅಮುಕಿ ಹಿಡಿದಿದ್ದ. ಕಡೆಗೆ ಅವರೇ ಹೆಚ್ಚು ಜನ. ನನ್ನನ್ನು ಎಳೆದು ಹಾಕಿ ಒದ್ದರು. ಮುಂದಿನ ಎರಡು ಹಲ್ಲು ಮರಳಿಗೆ ಬಿದ್ದವು. ಉಗುಳಿದೆ. ನನಗೆ ಆಗ ನೋವು ತಿಳಿಯಲಿಲ್ಲ, ಹಗುರವಾಗಿತ್ತು.

ಜೀಪು ಬರುವ ಹೊತ್ತಿಗೆ ನಡು ಮಧ್ಯಾಹ್ನ. ಮಳೆ ಬಿಟ್ಟ ಮೇಲಿನ ಬಿಸಿಲು, ಹಲಗೆ ಬಿರಿಯುವಂಥದು. ನನ್ನನ್ನು, ಗಂಗೂಳನ್ನು ಹಿಂದೆ ತುಂಬಿದರು. ಶೇಟ್ ತನ್ನ ಕಾರಿನಲ್ಲಿ ಬಂದ. ಠಾಣೆಯ ಜಗಲಿಯಲ್ಲಿ ಒಂದು ಬೆಂಚು. ನಮ್ಮಿಬ್ಬರನ್ನು ಅಲ್ಲಿ ಕೂರಿಸಿದರು. ಶೇಟ್ ಒಳಗೆ ಹೋಗಿ ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂತ. ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ಫ್ಯಾನಿನ ಸದ್ದು. ಆಮೇಲೆ ಸಾಹೇಬರ ದನಿ.

"ಅಯ್ಯಯ್ಯೋ, ಎಂತಾ ವಾಸ್ನೆ ಮಾರಾಯ್ರೆ! ಶೇಟ್ರೆ, ಬೇಜಾರು ಮಾಡ್ಕೊಳ್ಬೇಡಿ. ಸ್ವಲ್ಪ ಹೊರಗೆ ಕೂತ್ಕೊಳ್ಳಿ. ಇಲ್ಲಿ ಜನ ಕೂರೂಕಾಗೂದಿಲ್ಲ."

ಹೊರಗೆ ಬಂದ. ಬೇರೆ ಬೆಂಚು ಇರಲಿಲ್ಲ. ಗೋಡೆ ಸವರುತ್ತ ಬಂದು ನನ್ನ ಪಕ್ಕ ಕೂತ. ಮುಖ ಕಂದಾಗಿ ಹೊಳೆಯುತ್ತಿತ್ತು. ಚರ್ಮ ಬಿಗಿದು ತುಟಿ ಪೂರ್ತಿ ತೆರೆಯುತ್ತಿರಲಿಲ್ಲ. ಎಡಗಣ್ಣಿನ ರೆಪ್ಪೆ ಅಂಟಿ ಮುಚ್ಚಿಹೋಗಿತ್ತು. ಯಾರೋ ಕೊಟ್ಟ ಸೋಪಿನಿಂದ ತಿಕ್ಕಿಕೊಂಡಿದ್ದ ಅಂತ ಕಾಣುತ್ತದೆ, ಸೋಪಿನ ಬಿಳಿ ಅದರ ಮೇಲೇ ಕೂತಿತ್ತು. ಆಮೇಲೆ, ಒಳಗಿನವರಿಗೆ ಕೇಳಿಸದ ಹಾಗೆ, ನನ್ನ ಕಡೆ ಬಾಗಿದ.

"ಹೀರಾಬಾಯಿ" ಎಂದ. ಅವನ ಬಾಯಿಂದ ನನ್ನ ಹೆಸರು ಹಾಗೆ ಬಂದದ್ದು ಅದೇ ಮೊದಲು. "ಇದು ಎಂತದ್ರಲ್ಲಿ ಹೋಗ್ತದೆ?"

ನನಗೆ ರೋಷನನ ಬೆರಳುಗಳು ಕಂಡವು. ಬೆಚ್ಚಗಿನ ತೆಂಗಿನೆಣ್ಣೆಯಲ್ಲಿ ನೆನೆದ ಬೆರಳುಗಳು, ಬೂದಿ, ಬೆಳ್ಳಗಾದ ಉಗುರು.

"ಸೋಡಾ ಹಾಕಿ, ಶೇಟ್ರೆ" ಎಂದೆ. "ಸೋಡಾ ಬಿದ್ದ ಮೇಲೆ ಎಲ್ಲಾ ಎಣ್ಣೆ ಒಂದೇ."

ಗಂಗೂ ಬೆಂಚಿನ ಆ ತುದಿಯಲ್ಲಿ ಬಲಗಾಲನ್ನು ಮೇಲೆತ್ತಿ ಇಟ್ಟು, ಪಾದಕ್ಕೆ ಸುತ್ತಿದ್ದ ಬಟ್ಟೆಯನ್ನು ಒಂದೊಂದೇ ಸುತ್ತು ಬಿಚ್ಚತೊಡಗಿದಳು. ಶೇಟನ ಒಂದು ಕಣ್ಣು ತೆರೆದಿತ್ತು. ಅವನು ನೋಡಿದ.